ಮೊಮ್ಮಗನ ನೈಟ್ ಹಾಲ್ಟ್ ಬಸ್ಸು

ಏಪ್ರಿಲ್ ರಜೆಗೆ ಮೈಸೂರಿಗೆ ಬಂದ ಮೊಮ್ಮಗನ ಚೀಲದಲ್ಲಿ ಬಟ್ಟೆಗಳ ಕೆಳಗೆ ಒಂದು ಕಾರು ಇತ್ತು. ಆಟದ ಕಾರಲ್ಲ, ದೀಪದ ಕಾರು. ನೆತ್ತಿಯ ಮೇಲೆ ಒತ್ತಿದರೆ ಹೊತ್ತಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಬಣ್ಣ ಬದಲಿಸುತ್ತದೆ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟದ್ದಂತೆ. “ಏಳು ವರ್ಷ ತುಂಬಿದ್ರೂ ಕತ್ತಲೆ ಅಂದ್ರೆ ಹೆದರ್ತಾನೆ ಅಪ್ಪಾ, ಇದನ್ನ ಹಚ್ಚಿಟ್ಟು ಮಲಗಿಸಿ” ಎಂದು ಹೇಳಿ ಮಗಳು ಬೆಂಗಳೂರಿಗೆ ಹೊರಟುಹೋದಳು.

ಅಂದು ರಾತ್ರಿ ಹನ್ನೊಂದಕ್ಕೆ ಅಳು ಕೇಳಿಸಿತು. ಅವನ ಅಜ್ಜಿ ನನಗಿಂತ ಮುಂಚೆ ಎದ್ದು ಓಡಿದಳು. ಹುಡುಗ ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡು ಕೂತಿದ್ದ.

“ತಾತ, ಅದು ನನ್ನನ್ನೇ ನೋಡ್ತಾ ಇದೆ.”

ನೋಡಿದರೆ ಅವನು ಹೇಳಿದ್ದು ನಿಜ. ಹಗಲಿನಲ್ಲಿ ಅದು ಕಡುನೀಲಿ ಬಣ್ಣದ ಚೆಂದದ ರೇಸಿಂಗ್ ಕಾರು. ರಾತ್ರಿ ಆ ಕಡುನೀಲಿ ಕತ್ತಲೆಯೊಳಗೆ ಕರಗಿಹೋಗಿತ್ತು. ಉಳಿದದ್ದು ಓರೆಯಾದ ಎರಡು ಹೆಡ್‌ಲೈಟು, ಅವುಗಳ ಕೆಳಗೆ ಹಲ್ಲು ಕಿರಿದಂತಿದ್ದ ಜಾಲರಿ, ಅಷ್ಟೇ. ಕಾರು ಎಲ್ಲೂ ಇರಲಿಲ್ಲ, ಮುಖ ಮಾತ್ರ ಇತ್ತು. ಅದೂ ಹುಬ್ಬು ಗಂಟಿಕ್ಕಿದ ಮುಖ. ಆರಿಸಿದರೆ ಕತ್ತಲೆ, ಹಚ್ಚಿದರೆ ರಾಕ್ಷಸ. ಕೊನೆಗೆ ಬಾತ್‌ರೂಮಿನ ದೀಪ ಹಾಕಿ, ಬಾಗಿಲು ಅರ್ಧ ತೆರೆದಿಟ್ಟು, ಅವನ ಪಕ್ಕದಲ್ಲೇ ಮಲಗಿದೆ. ನಿದ್ದೆ ಬರಲಿಲ್ಲ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವನು. ಬೋಲ್ಟು, ನಟ್ಟು, ಪೈಪಿನ ಜೋಡಣೆ, ಎಲ್ಲವನ್ನೂ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿ ಬರೆಯಿರಿ ಎಂದು ಸಾವಿರಾರು ಹುಡುಗರಿಗೆ ಹೇಳಿದ್ದೇನೆ. ಆದರೆ ಒಂದೇ ವಸ್ತುವಿಗೆ ಹಗಲಿನದೊಂದು, ರಾತ್ರಿಯದೊಂದು ಎಂದು ಎರಡು ರೂಪ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಮಕ್ಕಳ ದೀಪ ಮಾಡುವವರಿಗೆ ಅದೇ ಮೊದಲ ಪಾಠವಾಗಬೇಕು. ಅಂಗಡಿಯಲ್ಲಿ ಕೊಳ್ಳುವವರು ನೋಡುವುದು ಹಗಲಿನ ಮುಖ. ಮಗು ನೋಡುವುದು ಇನ್ನೊಂದು.

ಕಾರಿನಲ್ಲಿ ಮುಖ ಕಾಣುವುದು ನಮ್ಮ ಹುಡುಗನೊಬ್ಬನ ಕಲ್ಪನೆಯಲ್ಲ. ಎರಡು ಚುಕ್ಕಿ, ಕೆಳಗೊಂದು ಗೆರೆ ಇದ್ದರೆ ಸಾಕು, ಮನುಷ್ಯನ ಮಿದುಳು ಅದನ್ನು ಮುಖವೆಂದೇ ಓದುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ, ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ನಾವೆಲ್ಲ ಮುಖ ಕಂಡವರೇ. ವಾಹನದ ಆಕಾರದ ದೀಪಗಳನ್ನು ಮಾಡುವವರು ಇದನ್ನು ಬಲ್ಲರು. ಅದಕ್ಕೇ ಒಳ್ಳೆಯ ದೀಪಗಳಲ್ಲಿ ಹೆಡ್‌ಲೈಟು ದುಂಡಗೆ, ದೊಡ್ಡದಾಗಿ, ಸ್ವಲ್ಪ ಕೆಳಗೆ ಇರುತ್ತದೆ. ಬಾನೆಟ್ಟು ಉಬ್ಬಿದ ಹಣೆಯಂತೆ, ಮೈ ಗಿಡ್ಡ, ಚಕ್ರ ದಪ್ಪ. ಎಳೆಮಗುವಿನ ಮುಖವನ್ನು ಒಮ್ಮೆ ನೆನಪಿಸಿಕೊಳ್ಳಿ: ದೊಡ್ಡ ಹಣೆ, ಕೆಳಗೆ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಇಂಥ ರೂಪ ಕಂಡರೆ ನಮಗೆ ತಾನಾಗಿಯೇ ಮುದ್ದು ಉಕ್ಕುತ್ತದೆ ಎಂದು ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಬರೆದರು. ಆಟಿಕೆಯ ಲಾರಿಗೂ ಮಗುವಿನ ಮುಖ ಬಂದಿರುವುದು ಆ ಕಾರಣಕ್ಕೆ. ಅದೇ ಹೆಡ್‌ಲೈಟನ್ನು ಒಳಮೂಲೆಯ ಕಡೆಗೆ ಓರೆಯಾಗಿ ಇಳಿಸಿಬಿಟ್ಟರೆ ಮುದ್ದು ಹೋಗಿ ಕೋಪ ಬರುತ್ತದೆ. ರಸ್ತೆಯ ಮೇಲಿನ ಕಾರಿಗೆ ಅದು ಗತ್ತು. ಮಂಚದ ಪಕ್ಕದ ಕಾರಿಗೆ ಬೇಡ.

ಆಕಾರದ ಮಾತು ಹಾಗಿರಲಿ, ಬಣ್ಣವೂ ಕೆಟ್ಟಿತ್ತು. ಆ ಕಾರು ಹೆಚ್ಚು ಹೊತ್ತು ಉರಿಯುತ್ತಿದ್ದದ್ದು ನೀಲಿಯಲ್ಲಿ. ನೀಲಿ ಎಲ್‌ಇಡಿ ಸುಲಭಕ್ಕೆ ಒಲಿದ ದೀಪವಲ್ಲ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಚೆನ್ನಾಗಿ ಬೆಳಗುವ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಇಂದು ನಮ್ಮ ಮನೆಗಳಲ್ಲಿರುವ ಬಿಳಿ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ನಿಜಕ್ಕೂ ನೀಲಿ ದೀಪಗಳೇ, ಮೇಲೆ ಹಳದಿ ಲೇಪ ಕೊಟ್ಟಿರುತ್ತಾರೆ. ಓದಲು ಬರೆಯಲು ಸೊಗಸಾದ ಬೆಳಕು. ನಿದ್ದೆಗೆ ಅಲ್ಲ. ನಮ್ಮ ಕಣ್ಣಿನ ಒಳಪದರದಲ್ಲಿ ನೋಡುವ ಕೆಲಸಕ್ಕಿಂತ ಹೊತ್ತು ಗೊತ್ತು ಮಾಡುವ ಕೆಲಸವನ್ನೇ ಮಾಡುವ ಕೆಲವು ಜೀವಕೋಶಗಳಿವೆ. ನೀಲಿ ಬೆಳಕು ಬಿದ್ದರೆ ಅವು ‘ಇನ್ನೂ ಹಗಲು’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ಆಗ ನಿದ್ದೆಯ ಹೊತ್ತನ್ನು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಕೆಂಪು, ಕಿತ್ತಳೆ ಬೆಳಕಿಗೆ ಆ ಜೀವಕೋಶಗಳು ಅಷ್ಟಾಗಿ ಓಗೊಡುವುದಿಲ್ಲ.

ನನ್ನ ವಯಸ್ಸಿನವರಿಗೆ ಇಲ್ಲೊಂದು ಮಾತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತಾ ಬರುತ್ತದೆ, ನೀಲಿಯನ್ನು ಅದೇ ಒಂದಿಷ್ಟು ಸೋಸಿಬಿಡುತ್ತದೆ. ಮಕ್ಕಳ ಮಸೂರ ತಿಳಿನೀರಿನಂತೆ, ಪಾಪೆಯೂ ದೊಡ್ಡದು. ಆದ್ದರಿಂದ ‘ನನಗೆ ಮಂದವಾಗಿಯೇ ಕಾಣುತ್ತೆ, ಇದರಲ್ಲೇನು ತೊಂದರೆ’ ಎಂದು ತಾತ ಅಜ್ಜಿ ತೀರ್ಪು ಕೊಡುವಂತಿಲ್ಲ. ನಾನು ಅದೇ ತಪ್ಪು ಮಾಡಿದ್ದೆ.

ಮರುದಿನ ಬೆಳಿಗ್ಗೆ ಹುಡುಗ ಕೇಳಿದ: “ನೀವು ಚಿಕ್ಕವರಿದ್ದಾಗ ನಿಮಗೆ ಯಾವ ದೀಪ ಇತ್ತು ತಾತ?”

ನಮ್ಮ ಹಳ್ಳಿಯ ಮನೆಯಲ್ಲಿ ರಾತ್ರಿಯೆಲ್ಲ ಉರಿಯುತ್ತಿದ್ದದ್ದು ಬತ್ತಿ ಇಳಿಸಿದ ಲಾಟೀನು. ಕರೆಂಟು ಬಂದ ಮೇಲೆ ಜೀರೋ ಕ್ಯಾಂಡಲ್ ಬಲ್ಬು. ಮಕ್ಕಳೇ, ಆ ಹೆಸರನ್ನು ನಂಬಬೇಡಿ. ಹೆಸರು ಸೊನ್ನೆಯಾದರೂ ಅದು ಎಳೆಯುತ್ತಿದ್ದದ್ದು ಸುಮಾರು 15 ವ್ಯಾಟು. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ ಲೆಕ್ಕ ಹಾಕಿ: 3.6 ಯೂನಿಟ್ಟು. ಈಗಿನ ಅರ್ಧ ವ್ಯಾಟಿನ ಎಲ್‌ಇಡಿ ಒಂದೇ ಒಂದು ಯೂನಿಟ್ಟಿನಲ್ಲಿ ಎಂಟು ತಿಂಗಳು ಉರಿಯುತ್ತದೆ. ‘ಜೀರೋ’ ಎಂದು ನಂಬಿ ಹಜಾರಕ್ಕೊಂದು, ದೇವರ ಮನೆಗೊಂದು, ಮೆಟ್ಟಿಲಿಗೊಂದು ಹಾಕಿಸಿಕೊಂಡ ನಮ್ಮ ಚಿಕ್ಕಪ್ಪನಿಗೆ ಈ ಲೆಕ್ಕ ಯಾರೂ ಹೇಳಲಿಲ್ಲ.

ಆದರೆ ಹುಡುಗನಿಗೆ ಹಿಡಿಸಿದ್ದು ಲಾಟೀನೂ ಅಲ್ಲ, ಬಲ್ಬೂ ಅಲ್ಲ. ಮಾತಿನ ನಡುವೆ ನಾನು ನೈಟ್ ಹಾಲ್ಟ್ ಬಸ್ಸಿನ ವಿಷಯ ಎತ್ತಿದ್ದೆ. ನಮ್ಮೂರಿಗೆ ಕಡೆಯ ಬಸ್ಸು ರಾತ್ರಿ ಎಂಟೂವರೆಗೆ ಬಂದು ಅರಳಿಕಟ್ಟೆಯ ಪಕ್ಕ ನಿಂತುಬಿಡುತ್ತಿತ್ತು. ಮತ್ತೆ ಹೊರಡುವುದು ಬೆಳಗಿನ ಜಾವ. ಡ್ರೈವರು, ಕಂಡಕ್ಟರು ಯಾರದಾದರೂ ಮನೆಯಲ್ಲಿ ಊಟ ಮಾಡಿ ಬಸ್ಸಿನಲ್ಲೇ ಮಲಗುತ್ತಿದ್ದರು. ಒಳಗೊಂದು ಸಣ್ಣ ದೀಪ ಉರಿಯುತ್ತಿತ್ತು. ನಮ್ಮ ಮನೆಯ ಕಿಟಕಿಯಿಂದ ಸಾಲಾಗಿ ಐದಾರು ಹಳದಿ ಕಿಟಕಿಗಳು ಕಾಣುತ್ತಿದ್ದವು. ರಾತ್ರಿ ಎಚ್ಚರವಾದರೆ ನಾನು ಮೊದಲು ನೋಡುತ್ತಿದ್ದದ್ದು ಅದನ್ನು. ಬಸ್ಸು ಇದೆ ಎಂದರೆ ಊರು ಇದೆ.

“ಅದನ್ನ ಮಾಡೋಣ” ಎಂದ.

ಮಾಡಿದೆವು. ಷೂ ಡಬ್ಬವೊಂದು ಬಸ್ಸಾಯಿತು. ಮೈಗೆಲ್ಲ ಸಾರಿಗೆ ಬಸ್ಸಿನ ಕೆಂಪು. ಕಿಟಕಿಗಳನ್ನು ಕತ್ತರಿಸುವ ಕೆಲಸ ನನ್ನದು, ಒಳಗಿನಿಂದ ಬಟರ್ ಪೇಪರು ಅಂಟಿಸುವುದು ಅವನದು. ಬಟರ್ ಪೇಪರು ಏಕೆಂದರೆ, ಬರೀ ತೂತಿನಿಂದ ಬಂದ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮಬ್ಬು ಕಾಗದದ ಮೇಲೆ ಬಿದ್ದರೆ ಅದು ಚದುರಿ, ಇಡೀ ಕಿಟಕಿಯೇ ಬೆಳಗುತ್ತದೆ. ಒಳಗೆ ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ ಅರ್ಧ ವ್ಯಾಟಿನ ಪುಟ್ಟ ಎಲ್‌ಇಡಿ, ಅದಕ್ಕೆ ಅಡ್ಡಲಾಗಿ ಕಿತ್ತಳೆ ಬಣ್ಣದ ಗಾಳಿಪಟದ ಕಾಗದ. (ರಟ್ಟಿನ ಡಬ್ಬದೊಳಗೆ ಹಳೆಯ ತಂತಿಯ ಬಲ್ಬನ್ನು ಯಾರೂ ಇಡಬೇಡಿ. ಅದು ಕಾಯುತ್ತದೆ, ರಟ್ಟು ಹೊತ್ತಿಕೊಂಡೀತು.) ಬಟನ್ ಸೆಲ್ಲಿನ ದೀಪ ಬೇಡವೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಅವಳ ಮಾತು ಸರಿ. ಕೈಗಡಿಯಾರದಲ್ಲಿರುವಂಥ ಆ ಬಿಲ್ಲೆಯನ್ನು ಚಿಕ್ಕ ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅಂಗಡಿಯ ದೀಪ ಕೊಳ್ಳುವಾಗ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಮೊದಲು ತಿರುಗಿಸಿ ನೋಡಿ, ಬಣ್ಣವನ್ನು ಆಮೇಲೆ.

ಹೆಡ್‌ಲೈಟಿನ ಬಗ್ಗೆ ನಮ್ಮಿಬ್ಬರಿಗೂ ವಾದವಾಯಿತು. ಬಸ್ಸೆಂದ ಮೇಲೆ ಹೆಡ್‌ಲೈಟು ಬೆಳಗಬೇಡವೇ ಎಂದು ನಾನು. “ನಿಂತಿರೋ ಬಸ್ಸಿಗೆ ಹೆಡ್‌ಲೈಟ್ ಯಾಕೆ ತಾತ? ಅದು ಮಲಗಿದೆ” ಎಂದು ಅವನು. ಮೂವತ್ತೊಂದು ವರ್ಷದ ಮೇಷ್ಟರು ಸೋತರು. ಹೆಡ್‌ಲೈಟನ್ನು ಬರೀ ಬಣ್ಣದಲ್ಲಿ ಬರೆದ, ಅರ್ಧ ಮುಚ್ಚಿದ ರೆಪ್ಪೆಯ ಹಾಗೆ. ಬೆಳಗಿದ್ದು ಕಿಟಕಿಗಳು ಮಾತ್ರ. ದೀಪ ಆರಿಸಿದರೆ ಕೆಂಪು ಬಸ್ಸು, ಹಚ್ಚಿದರೆ ಆರು ಹಳದಿ ಕಿಟಕಿಗಳ ಸಾಲು. ಎರಡೂ ಹೊತ್ತಿನಲ್ಲಿ ಅದು ಬಸ್ಸೇ.

ಅಂದು ರಾತ್ರಿ ಅಳು ಕೇಳಿಸಲಿಲ್ಲ. ನಾನು ಎರಡು ಸಲ ಎದ್ದು ನೋಡಿ ಬಂದೆ. ಮಗು ಮಲಗಿತ್ತು, ಬಸ್ಸು ನಿಂತಿತ್ತು.

ಜಗಳ ಶುರುವಾದದ್ದು ನಾಲ್ಕನೆಯ ದಿನ. ಬಸ್ಸನ್ನು ಬೀದಿಗೆಲ್ಲ ತೋರಿಸಿ ಬಂದಿದ್ದ. ಪಕ್ಕದ ಮನೆಯ ಹುಡುಗಿ, ಇವನಿಗಿಂತ ಒಂದು ವರ್ಷ ದೊಡ್ಡವಳು, ತಾನೂ ಒಂದು ಬಸ್ಸಿನ ದೀಪ ಮಾಡಿದಳು. ಇವನು ಕೆಂಡವಾದ. “ನನ್ನ ಡಿಸೈನ್ ಕದ್ದಳು! ಪೊಲೀಸಿಗೆ ಹೇಳಿ ತಾತ.”

ಪೊಲೀಸರ ಕೆಲಸವಲ್ಲ, ಆದರೆ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ವಸ್ತುವಿನ ಅಂದಕ್ಕೆ ಒಡೆಯರು ಇರಬಹುದೇ? ಇರಬಹುದು. ಹೊಸ ಯಂತ್ರ ಕಂಡುಹಿಡಿದವರಿಗೆ ಪೇಟೆಂಟ್ ಇರುವಂತೆ ಹೊಸ ರೂಪ ಕೊಟ್ಟವರಿಗೂ ಹಕ್ಕಿದೆ. ನಮ್ಮ ದೇಶದಲ್ಲಿ ಅದಕ್ಕೆ 2000ದ ವಿನ್ಯಾಸ ಕಾಯಿದೆ ಇದೆ. ನೋಂದಣಿ ಕೋಲ್ಕತ್ತದ ಪೇಟೆಂಟ್ ಕಚೇರಿಯಲ್ಲಿ. ಹಕ್ಕು ಸಿಗುವುದು ಹತ್ತು ವರ್ಷಕ್ಕೆ, ಬೇಕಿದ್ದರೆ ಇನ್ನೈದು ವರ್ಷ ಮುಂದುವರಿಸಬಹುದು. ಆಕಾರ, ಚಿತ್ತಾರ, ಗೆರೆ, ಬಣ್ಣಗಳ ಜೋಡಣೆ ಇವಿಷ್ಟೇ ಅದರ ವ್ಯಾಪ್ತಿ, ತೀರ್ಪು ಕೊಡಬೇಕಾದದ್ದು ಕಣ್ಣು ಮಾತ್ರ. ಒಳಗಿನ ಬಲ್ಬು ಹೇಗೆ ಉರಿಯುತ್ತದೆ, ಬಟರ್ ಪೇಪರನ್ನು ಹೇಗೆ ಅಂಟಿಸಿದ್ದೀರಿ ಎಂಬುದನ್ನು ಈ ಕಾಯಿದೆ ಕೇಳುವುದಿಲ್ಲ. ಒಂದು ತಮಾಷೆ ನೋಡಿ. ವಿನ್ಯಾಸಗಳನ್ನು ವಿಂಗಡಿಸಲು ಲೊಕಾರ್ನೊ ಎಂಬ ಊರಿನ ಹೆಸರಿನ ಒಂದು ಅಂತರರಾಷ್ಟ್ರೀಯ ಪಟ್ಟಿ ಇದೆ. ಅದರಲ್ಲಿ ವಾಹನಗಳದು 12ನೆಯ ವರ್ಗ, ಆಟಿಕೆಗಳದು 21, ದೀಪಗಳದು 26. ಬಸ್ಸಿನಂತೆ ಕಾಣುವ ದೀಪ ಎಷ್ಟೇ ಬಸ್ಸಾಗಿದ್ದರೂ ದೀಪವೇ, ಅದರ ಜಾಗ 26ರಲ್ಲಿ.

ಅಮೆರಿಕದಲ್ಲಿ ಇದನ್ನು ಡಿಸೈನ್ ಪೇಟೆಂಟ್ ಎನ್ನುತ್ತಾರೆ. ಅಲ್ಲಿ ಈ ಪದ್ಧತಿ 1842ರಿಂದ ಇದೆ. ಕೇಳಿದರೆ ಆಶ್ಚರ್ಯವಾದೀತು, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಇಂಥ ಪೇಟೆಂಟ್ ಇತ್ತು. ಶಿಲ್ಪಿ ಬಾರ್ತೊಲ್ಡಿ ಅದನ್ನು ಪಡೆದದ್ದು 1879ರಲ್ಲಿ, ಪ್ರತಿಮೆ ನಿಲ್ಲುವುದಕ್ಕೆ ಏಳು ವರ್ಷ ಮೊದಲೇ. ಆ ದೇವಿಯ ಕೈಯಲ್ಲಿರುವುದು ಬರೀ ಕಲ್ಪನೆಯ ದೀಪವಲ್ಲ. 1886ರಿಂದ 1902ರವರೆಗೆ ಅದನ್ನು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವಾಗಿಯೂ ಬಳಸಿದ್ದರು. ಒಂದು ಲೆಕ್ಕಕ್ಕೆ ಲೋಕದ ಅತಿ ದೊಡ್ಡ ನೈಟ್ ಲ್ಯಾಂಪು.

“ಹಾಗಾದ್ರೆ ನನ್ನ ಬಸ್ಸಿಗೂ ಸಿಗತ್ತಾ?”

ಇಲ್ಲಿ ಅವನಿಗೆ ನಿರಾಸೆ ಮಾಡಲೇಬೇಕಾಯಿತು. ಮೊದಲನೆಯದಾಗಿ, ವಿನ್ಯಾಸ ಹೊಸದಾಗಿರಬೇಕು, ಅರ್ಜಿ ಹಾಕುವ ಮುಂಚೆ ಊರಿಗೆಲ್ಲ ತೋರಿಸಿರಬಾರದು. ಇವನು ಬೀದಿಯ ಕೊನೆಯ ಮನೆಯವರೆಗೂ ಮೆರವಣಿಗೆ ಮಾಡಿಸಿದ್ದ. ಎರಡನೆಯದು ಇನ್ನೂ ಮುಖ್ಯ. ಅದಕ್ಕಾಗಿ ಇಂಗ್ಲೆಂಡಿನ ಒಂದು ಮಕ್ಕಳ ಸೂಟ್‌ಕೇಸಿನ ಕಥೆ ಹೇಳಿದೆ.

ರಾಬ್ ಲಾ ಎಂಬುವರು ಮಕ್ಕಳು ಕುದುರೆಯಂತೆ ಕೂತು ಉರುಳಿಸಿಕೊಂಡು ಹೋಗುವ ಚಕ್ರದ ಸೂಟ್‌ಕೇಸು ಮಾಡಿದರು. ಹೆಸರು ಟ್ರಂಕಿ. ವಿಮಾನ ನಿಲ್ದಾಣಗಳಲ್ಲಿ ಮಕ್ಕಳು ಅದರ ಮೇಲೆ ಸವಾರಿ ಮಾಡುವುದನ್ನು ನೀವೂ ನೋಡಿರಬಹುದು. ಅದರ ರೂಪವನ್ನು ಅವರು ಯೂರೋಪಿನಲ್ಲಿ ನೋಂದಾಯಿಸಿದ್ದರು. ಆಮೇಲೆ ಇನ್ನೊಂದು ಕಂಪನಿ ಅದೇ ಬಗೆಯ, ಆದರೆ ಅಗ್ಗದ ಕಿಡ್ಡಿ ಕೇಸ್ ಎಂಬುದನ್ನು ಮಾರತೊಡಗಿತು. ಟ್ರಂಕಿಯವರು ಕೋರ್ಟಿಗೆ ಹೋದರು. ಮೊದಲ ಕೋರ್ಟಿನಲ್ಲಿ ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು, 2016ರ ಮಾರ್ಚಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲೂ ಸೋತರು. ಕಾರಣ ಏನು ಗೊತ್ತೇ? ಅವರು ನೋಂದಣಿಗೆ ಕೊಟ್ಟ ಚಿತ್ರಗಳು. ಆ ಚಿತ್ರದಲ್ಲಿದ್ದದ್ದು ಕೊಂಬಿರುವ ಪ್ರಾಣಿಯಂತೆ ಕಾಣುವ, ಮೈಮೇಲೆ ಯಾವ ಚಿತ್ತಾರವೂ ಇಲ್ಲದ ಸೂಟ್‌ಕೇಸು. ಚಕ್ರ, ಪಟ್ಟಿಗಳು ಮೈಗಿಂತ ಗಾಢ ಬಣ್ಣದಲ್ಲಿದ್ದವು. ಎದುರಾಳಿಯದು ಮೈತುಂಬ ಚಿತ್ತಾರವಿದ್ದ, ಮೀಸೆಯ ಕೀಟದಂತೆ ಅಥವಾ ಇಳಿಬಿದ್ದ ಕಿವಿಯ ಪ್ರಾಣಿಯಂತೆ ಕಾಣುವ ಸೂಟ್‌ಕೇಸು. ಮಗು ಕೂರುವ ಸೂಟ್‌ಕೇಸು ಎಂಬ ಉಪಾಯ ಬುದ್ಧಿವಂತಿಕೆಯದು ಎಂದು ನ್ಯಾಯಾಧೀಶರು ಒಪ್ಪಿಕೊಂಡರು. ಆದರೆ ಈ ಕಾನೂನು ಕಾಯುವುದು ಉಪಾಯವನ್ನಲ್ಲ, ಚಿತ್ರದಲ್ಲಿ ಕಾಣುವ ರೂಪವನ್ನು.

ನನಗೇನೋ ಈ ತೀರ್ಪು ಓದಿದಾಗ ರಾಬ್ ಲಾ ಅವರ ಬಗ್ಗೆ ಮರುಕವೇ ಆಯಿತು. ಮೊದಲು ಯೋಚಿಸಿದವನ ಹೊಟ್ಟೆಯುರಿ ಏನೆಂದು ಮೇಷ್ಟರಿಗೆ ಗೊತ್ತು, ನಕಲು ಮಾಡಿದವನಿಗೂ ಎಷ್ಟೋ ಸಲ ಅಷ್ಟೇ ಅಂಕ ಬೀಳುತ್ತದೆ. ಆದರೆ ‘ಬಸ್ಸಿನಂಥ ದೀಪ’ ಎಂಬ ಮಾತಿಗೇ ಒಬ್ಬ ಒಡೆಯನಾದರೆ ಉಳಿದ ಮಕ್ಕಳಿಗೆಲ್ಲ ಬಸ್ಸು ತಪ್ಪಿಹೋಗುತ್ತದಲ್ಲ.

ಹುಡುಗಿಯನ್ನು ದೀಪದ ಸಮೇತ ಕರೆಸಿದೆ. ಎರಡನ್ನೂ ಊಟದ ಮೇಜಿನ ಮೇಲಿಟ್ಟು ಪರದೆ ಎಳೆದೆವು. ಅವಳದು ಡಬಲ್ ಡೆಕ್ಕರು. ಎರಡು ಡಬ್ಬ ಒಂದರ ಮೇಲೊಂದು, ಕಿಟಕಿಗಳು ದುಂಡಗೆ, ನೆತ್ತಿಯಲ್ಲಿ ಸೂಜಿಯಿಂದ ಚುಚ್ಚಿದ ತೂತುಗಳು. ಹಚ್ಚಿದರೆ ನಮ್ಮ ಚಾವಣಿಯ ಮೇಲೆಲ್ಲ ನಕ್ಷತ್ರ ಬಿತ್ತು. ನಮ್ಮ ಮನೆಯ ನ್ಯಾಯಾಧೀಶೆ, ಅಂದರೆ ಅಜ್ಜಿ, ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನೋಡಿ, “ಇದು ಬೇರೆ, ಅದು ಬೇರೆ” ಎಂದಳು. ಕಣ್ಣೇ ತೀರ್ಪು ಕೊಟ್ಟ ಮೇಲೆ ಮುಗಿಯಿತು. ಹುಡುಗ ಅರ್ಧ ದಿನ ಮುಖ ಊದಿಸಿಕೊಂಡಿದ್ದ. ಸಂಜೆ ಅವಳ ಹತ್ತಿರ ಹೋಗಿ ಸೂಜಿ ಯಾವ ನಂಬರಿನದು ಎಂದು ಕೇಳಿಕೊಂಡು ಬಂದ.

ಆದರೂ ಟ್ರಂಕಿಯ ಕಥೆಯಲ್ಲಿ ಒಂದು ಸಂಗತಿ ಅವನ ತಲೆಯಲ್ಲಿ ಉಳಿದಿತ್ತು: ಚಿತ್ರ ಸರಿಯಾಗಿ ಬರೆಯಬೇಕು. ಊರಿಗೆ ಹೊರಡಲು ಎರಡು ದಿನ ಇದ್ದಾಗ ನನ್ನ ಹಳೆಯ ಡ್ರಾಯಿಂಗ್ ಬೋರ್ಡನ್ನು ಅಟ್ಟದಿಂದ ಇಳಿಸಿದ. ಇಂಥ ಅರ್ಜಿಗೆ ಸಾಮಾನ್ಯವಾಗಿ ಏಳು ನೋಟ ಬರೆಯುತ್ತಾರೆ: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಮೂಲೆಯಿಂದ ಕಂಡಂತೆ ಒಂದು. ಒಂದು ನೋಟಕ್ಕೂ ಇನ್ನೊಂದಕ್ಕೂ ಅಳತೆ ತಾಳೆಯಾಗಬೇಕು. ಎಡಪಕ್ಕದಲ್ಲಿ ಬಾಗಿಲು ಬರೆದು ಮೂಲೆಯ ನೋಟದಲ್ಲಿ ಬಾಗಿಲೇ ಇಲ್ಲದಿದ್ದರೆ ಯಾವ ಬಸ್ಸು ನಿನ್ನದು ಎಂದು ಯಾರಿಗೂ ತಿಳಿಯದು. ಮಕ್ಕಳೇ, ನಿಮ್ಮ ಪೆನ್ಸಿಲ್ ಡಬ್ಬವನ್ನೇ ಹೀಗೆ ಏಳು ಸಲ ಬರೆದು ನೋಡಿ. ದಿನಾ ಕೈಯಲ್ಲಿ ಹಿಡಿದ ವಸ್ತುವಿನ ಕೆಳಭಾಗ ಹೇಗಿದೆ ಎಂಬುದೇ ನಿಮಗೆ ಗೊತ್ತಿರುವುದಿಲ್ಲ.

ಆರು ನೋಟ ಬರೆದು ಮುಗಿಸಿದ. ಗೆರೆಗಳು ಸೊಟ್ಟಗಿದ್ದವು, ಆದರೆ ಕಿಟಕಿಗಳ ಎಣಿಕೆ ಎಲ್ಲ ಕಡೆ ಆರೇ. ಏಳನೆಯದು ಕೆಳಗಿನ ನೋಟ. ಪೆನ್ಸಿಲು ಕಚ್ಚುತ್ತಾ ಕೂತ.

“ತಾತ, ಬಸ್ಸಿನ ಕೆಳಗೆ ಏನಿರತ್ತೆ?”

“ಚಕ್ರ, ಅಚ್ಚು, ಡೀಸೆಲ್ ಟ್ಯಾಂಕು.”

“ನಿಮ್ಮೂರಿನ ನೈಟ್ ಹಾಲ್ಟ್ ಬಸ್ಸಿನ ಕೆಳಗೆ?”

ಯೋಚಿಸಿದೆ. ನಮ್ಮೂರಿನ ಬಸ್ಸಿನ ಕೆಳಗೆ ಎಂಜಿನ್ನಿನ ಬಿಸಿಗೆ ಯಾವಾಗಲೂ ಒಂದು ಬೀದಿನಾಯಿ ಮಲಗಿರುತ್ತಿತ್ತು. ಬೆಳಗಿನ ಜಾವ ಕ್ಲೀನರು ಬಗ್ಗಿ ಅದನ್ನು ಎಬ್ಬಿಸಿದ ಮೇಲೆಯೇ ಬಸ್ಸು ಸ್ಟಾರ್ಟ್ ಆಗುತ್ತಿತ್ತು.

ಹೇಳಿದ್ದೇ ತಡ, ನಾಯಿ ಬರೆಯಲು ಕೂತ. ನಾಯಿ ಬಸ್ಸಿನ ಭಾಗವಲ್ಲವಲ್ಲ ಎಂದೆ. ಡ್ರಾಯಿಂಗಿನಲ್ಲಿ ಅದಕ್ಕೂ ದಾರಿಯಿದೆ. ಪಕ್ಕದಲ್ಲಿದೆ ಎಂದು ತೋರಿಸಬೇಕು, ಆದರೆ ನಮ್ಮದೆಂದು ಹಕ್ಕು ಸಾಧಿಸುವುದಿಲ್ಲ ಎಂಬ ವಸ್ತುಗಳನ್ನು ಡಿಸೈನ್ ಪೇಟೆಂಟುಗಳಲ್ಲಿ ತುಂಡು ತುಂಡು ಗೆರೆಯಲ್ಲಿ ಬರೆಯುತ್ತಾರೆ. ಅದನ್ನು ವಿವರಿಸಿದೆ. ಅವನು ರಬ್ಬರು ತೆಗೆದುಕೊಂಡು ನಾಯಿಯನ್ನು ಅಳಿಸಿ, ಮತ್ತೆ ಮೊದಲಿನಿಂದ ಚುಕ್ಕಿ ಚುಕ್ಕಿಯಾಗಿ ಬರೆದ. ಬಾಲಕ್ಕೆ ಬಂದಾಗ ಕತ್ತಲಾಗಿತ್ತು. ಎದ್ದುಹೋಗಿ ಬಸ್ಸಿನ ದೀಪ ಹಚ್ಚಿ ತಂದು ಪಕ್ಕದಲ್ಲಿಟ್ಟುಕೊಂಡು ಮುಂದುವರಿಸಿದ.